ಚೆಲ್ಲೋ ಕೈ

ನಮ್ಮ ನಾದಿನಿಯನ್ನ ಆಸ್ಪತ್ರೆಯಲ್ಲಿ ಎಲ್ಲರೂ ‘ಎಡವಟ್ಟು ಮೇಡಂ’ ಅಂತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳು ಎಡಗೈಯವಳು, ಅದಕ್ಕೆ. ಅವಳಿಗೆ ಅದರಲ್ಲಿ ಒಂಚೂರೂ ಬೇಜಾರಿಲ್ಲ, ಬೇಜಾರೆಲ್ಲ ನನಗೆ. ಆ ಹೆಸರಿಟ್ಟ ಪುಣ್ಯಾತ್ಮ ಯಾರು ಅಂತ ಗೊತ್ತಾಗಿದ್ದರೆ, ನನ್ನ ಕಿಟಕಿಗೆ ಬಂದಾಗ ಅವನ ಕೈಗೆ ಒಂದು ಹತ್ತಿಯುಂಡೆಯೂ ಸಿಗದ ಹಾಗೆ ನೋಡಿಕೊಳ್ಳುತ್ತಿದ್ದೆ.

ಕಿಟಕಿ ಅಂದರೆ ಸ್ಟೋರಿನ ಕಿಟಕಿ. ನಾನು ಆ ಆಸ್ಪತ್ರೆಯ ಸ್ಟೋರ್ ಕೀಪರ್. ಆಪರೇಷನ್‌ಗೆ ಬೇಕಾದ ಕತ್ತರಿ, ಇಕ್ಕಳ, ಸೂಜಿ, ದಾರ, ಗ್ಲೌಸು ಎಲ್ಲ ನನ್ನ ಕೈ ದಾಟಿಯೇ ಒಳಗೆ ಹೋಗಬೇಕು. ನಾದಿನಿ, ಅಂದರೆ ನನ್ನ ಗಂಡನ ತಂಗಿ, ಅದೇ ಕಾಂಪೌಂಡಿನ ಹಿಂದಿನ ಕಟ್ಟಡದಲ್ಲಿ ಪಾಠ ಮಾಡುತ್ತಾಳೆ. ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಅಲ್ಲಿಗೆ ಬಂದು, ಆಪರೇಷನ್‌ಗೆ ಹೊಸ ಉಪಕರಣ ಮಾಡೋದು ಹೇಗೆ ಅಂತ ಒಂದು ವರ್ಷ ಕಲೀತಾರೆ. ಮನೆಯಲ್ಲೂ ಅವಳೇ, ಆಸ್ಪತ್ರೆಯಲ್ಲೂ ಅವಳೇ. ‘ನಿಮ್ಮಿಬ್ಬರ ಮಧ್ಯೆ ನಾನೊಬ್ಬ ಬಾಡಿಗೆದಾರ’ ಅಂತ ನಮ್ಮ ಯಜಮಾನರು ಗೊಣಗುತ್ತಾರೆ. ಗೊಣಗಲಿ ಬಿಡಿ, ಗೊಣಗೋಕೆ ತೆರಿಗೆ ಇಲ್ಲ.

ಅವಳ ಮೊದಲ ದಿನದ ಪಾಠ ನೋಡಬೇಕು ನೀವು. ಹೊಸ ಬ್ಯಾಚು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿರುತ್ತೆ. ಇವಳು ಒಂದು ಡಬ್ಬಿ ತುಂಬ ಕೆಂಪು ರಿಬ್ಬನ್ ತಂದು, ಒಬ್ಬೊಬ್ಬರ ಬಲಗೈಯನ್ನೂ ಬೆನ್ನ ಹಿಂದೆ ತಿರುಗಿಸಿ ಬೆಲ್ಟಿಗೆ ಕಟ್ಟುತ್ತಾಳೆ. “ಇವತ್ತು ಸಂಜೆವರೆಗೂ ನಿಮ್ಮ ಬಲಗೈಗೆ ರಜೆ” ಅಂತಾಳೆ. ಆಮೇಲೆ ಎಡಗೈಲಿ ಬಾಗಿಲು ತೆಗೀಬೇಕು, ಎಡಗೈಲಿ ಟೀ ಕುಡೀಬೇಕು, ಎಡಗೈಲಿ ಕತ್ತರಿ ಹಿಡಿದು ಕಾಗದ ಕತ್ತರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಅಳೋ ಮುಖ ಮಾಡಿರುತ್ತಾರೆ, ಇನ್ನರ್ಧ ಜನ ಶರ್ಟಿನ ಮೇಲೆ ಟೀ ಚೆಲ್ಲಿಕೊಂಡಿರುತ್ತಾರೆ. “ಗೊತ್ತಾಯ್ತಾ? ಕತ್ತರಿ ಎಲ್ಲರಿಗೂ ಒಂದೇ ಅಂದ್ಕೊಂಡಿದ್ರಿ. ಅದು ನಿಮ್ಮ ಕೈಗೆ ಮಾಡಿದ್ದು, ಅಷ್ಟೇ” ಅಂತ ಇವಳು ಶುರು ಮಾಡುತ್ತಾಳೆ.

ಅದಾದ ಮೇಲೆ ಅವರನ್ನ ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನಿಲ್ಲಿಸುತ್ತಾಳೆ, ದಿನಗಟ್ಟಲೆ. ಚಿತ್ರ ಬರೆಯೋ ಹಾಗಿಲ್ಲ, ಲೆಕ್ಕ ಹಾಕೋ ಹಾಗಿಲ್ಲ. “ಗಾಯ ನೋಡಬೇಡಿ, ಅದನ್ನ ನೋಡೋಕೆ ಡಾಕ್ಟ್ರು ಇದ್ದಾರೆ. ನೀವು ಕೈ ನೋಡಿ. ಯಾವ ಬೆರಳು ಸುಮ್ಮನೆ ಕಷ್ಟಪಡ್ತಿದೆ ಅಂತ ನೋಡಿ. ಅಲ್ಲಿದೆ ನಿಮ್ಮ ಕೆಲಸ” ಅಂತಾಳೆ. ಅವಳ ಇಡೀ ಸಿಲಬಸ್ಸು ಇಷ್ಟೇ ಅಂತ ನನಗನ್ನಿಸುತ್ತೆ. ಉಳಿದದ್ದೆಲ್ಲ ಪುಸ್ತಕದಲ್ಲಿ ಸಿಗುತ್ತೆ.

ಆ ಕೆಂಪು ರಿಬ್ಬನ್ ಎಲ್ಲಿಂದ ಬಂತು ಅಂದರೆ, ನಮ್ಮ ಅತ್ತೆಯವರಿಂದ. ನಾದಿನಿ ಚಿಕ್ಕವಳಿದ್ದಾಗ ಚಮಚ, ಬಳಪ, ಬಾಚಣಿಗೆ ಎಲ್ಲ ಎಡಗೈಗೇ ಹೋಗುತ್ತಿತ್ತಂತೆ. ಊಟಕ್ಕೆ ಕೂತರೆ ಪಕ್ಕದಲ್ಲಿ ಕೂತ ಅಣ್ಣನ ಮೊಣಕೈಗೆ ತಾಗಿ ಚೆಲ್ಲುತ್ತಿತ್ತು. ಅಣ್ಣ ಅಂದರೆ ನಮ್ಮ ಯಜಮಾನರೇ, ಆಗಲೂ ಜಾಗ ಬಿಡೋ ಜಾಯಮಾನ ಅವರದಲ್ಲ. ಬೈಸಿಕೊಳ್ಳುತ್ತಿದ್ದವಳು ಮಾತ್ರ ಇವಳು. ಅತ್ತೆ ತಲೆಗೆ ಕಟ್ಟೋ ಕೆಂಪು ರಿಬ್ಬನ್ ತಗೊಂಡು ಅವಳ ಎಡಗೈಯನ್ನ ಕುರ್ಚಿಗೆ ಬಿಗಿದು, “ಚೆಲ್ಲೋ ಕೈಗೆ ಊಟ ಇಲ್ಲ” ಅನ್ನುತ್ತಿದ್ದರಂತೆ. ಇವಳು ಬಲಗೈಲಿ ತಿನ್ನೋದಿಲ್ಲ ಅಂತ ಪಟ್ಟು ಹಿಡಿದು ಹಸಿದುಕೊಂಡೇ ಕೂರುತ್ತಿದ್ದಳಂತೆ. ತಾಯಿಗೂ ಹಟ, ಮಗಳಿಗೂ ಹಟ. ಕೊನೆಗೆ ಮೊದಲು ಸುಸ್ತಾಗಿದ್ದು ರಿಬ್ಬನ್ನೇ, ಅದು ಹರಿದುಹೋಯಿತು.

ಈಗಲೂ ಅತ್ತೆಯ ಚಾಳಿ ಬಿಟ್ಟಿಲ್ಲ. ಊಟಕ್ಕೆ ಕೂತಾಗ ಮಗಳ ಚಮಚವನ್ನ ಮೆಲ್ಲಗೆ ತಟ್ಟೆಯ ಬಲಗಡೆಗೆ ಸರಿಸುತ್ತಾರೆ. ಮಗಳು ಮಾತಾಡದೆ ಅದನ್ನ ಎಡಗಡೆಗೆ ಸರಿಸುತ್ತಾಳೆ. ತಲೆಯಲ್ಲಿ ನರೆ ಬಂದಿರೋ ಹೆಂಗಸಿನ ಚಮಚ ಸರಿಸೋದು ಅಂದರೇನು ಅಂತ ನನಗೆ ಮೈ ಉರಿಯುತ್ತೆ. ಆದರೆ ಅದು ಅವರಿಬ್ಬರ ಆಟ, ನಾನು ಬಾಯಿ ಹಾಕೋದಿಲ್ಲ.

ಈ ಸಲದ ಗಲಾಟೆ ಶುರುವಾಗಿದ್ದು ನನ್ನ ಕಿಟಕಿಯಲ್ಲೇ. ಸರ್ಜರಿ ಕಲಿಯೋಕೆ ಒಬ್ಬಳು ಹೊಸ ಡಾಕ್ಟ್ರು ಬಂದಿದ್ದಳು. ಸಣ್ಣ ಆಳು, ದೊಡ್ಡ ಕಣ್ಣು. ನಾವೆಲ್ಲ ‘ಪುಟ್ಟ ಡಾಕ್ಟ್ರು’ ಅಂತ ಕರೆಯುತ್ತಿದ್ದೆವು. ಒಂದು ದಿನ ಬಂದವಳೇ, “ಆಂಟಿ, ಎಡಗೈ ಕತ್ತರಿ ಇದೆಯಾ?” ಅಂತ ಪಿಸುಗುಟ್ಟಿದಳು, ಕದ್ದ ಮಾಲು ಕೇಳೋರ ಹಾಗೆ.

“ಎಡಗೈ ಕತ್ತರಿ ಅಂತ ಬೇರೆ ಇರುತ್ತೇನಮ್ಮ?” ಅಂದೆ. ಕಪಾಟಿನ ತುಂಬ ಕತ್ತರಿ ಇಟ್ಟುಕೊಂಡಿರೋ ನನಗೇ ಗೊತ್ತಿರಲಿಲ್ಲ ನೋಡಿ.

ಅವಳು ಅಲ್ಲೇ ಒಂದು ಕತ್ತರಿ ತಗೊಂಡು ಎಡಗೈಲಿ ದಾರ ಕತ್ತರಿಸೋಕೆ ಹೋದಳು. ದಾರ ಎರಡು ಅಲಗಿನ ಮಧ್ಯೆ ಮಡಚಿಕೊಂಡಿತೇ ಹೊರತು ತುಂಡಾಗಲಿಲ್ಲ. ಎಡಗೈಲಿ ಒತ್ತಿದರೆ ಅಲಗು ಒಂದಕ್ಕೊಂದು ತಾಗೋ ಬದಲು ಬಾಯಿ ಬಿಡುತ್ತವೆ. ಸೂಜಿ ಹಿಡಿಯೋ ಇಕ್ಕಳದ ಕಥೆ ಇನ್ನೂ ಕೆಟ್ಟದ್ದು. ಅದನ್ನ ಒತ್ತಿದರೆ ಹಿಡಿಯ ಹತ್ತಿರ ಇರೋ ಹಲ್ಲುಗಳು ಟಕ್ಕಂತ ಕಚ್ಚಿಕೊಂಡು ಸೂಜಿಯನ್ನ ಗಟ್ಟಿ ಹಿಡಿಯುತ್ತವೆ. ಬಿಡಿಸೋಕೆ ಬಲಗೈಯವರು ಹೆಬ್ಬೆರಳಿಂದ ಸುಮ್ಮನೆ ಹೊರಗೆ ತಳ್ಳಿದರೆ ಸಾಕು. ಎಡಗೈಯವರು ಒಳಗೆ ಎಳೀಬೇಕು, ಎಳೆಯುವಾಗ ಕೈ ಅಲುಗುತ್ತೆ, ಸೂಜಿಯ ತುದಿ ಹೊಲಿಗೆ ಹಾಕಿದ ಜಾಗವನ್ನೇ ಎಳೆದುಬಿಡುತ್ತೆ.

“ದೊಡ್ಡ ಡಾಕ್ಟ್ರು ನನ್ನ ಕೈ ನಡುಗುತ್ತೆ ಅಂತಾರೆ. ನಡುಗಲ್ಲ ಆಂಟಿ. ಬಿಡಿಸೋವಾಗ ಮಾತ್ರ ಹಾಗಾಗುತ್ತೆ. ಹೇಳಿದ್ರೆ, ‘ಕತ್ತರಿ ಸರಿಯಾಗೇ ಇದೆ, ನಿನ್ನ ಕೈ ತಪ್ಪು’ ಅಂತಾರೆ. ತಿಂಗಳ ಕೊನೆಗೆ ಬಲಗೈಲಿ ಹೊಲಿಯೋದು ಕಲೀದಿದ್ರೆ ಮಾತ್ರೆ ಬರೆಯೋ ವಿಭಾಗಕ್ಕೆ ಹೋಗು ಅಂದಿದ್ದಾರೆ. ನಾನು ಇಷ್ಟು ವರ್ಷ ಓದಿದ್ದು ಹೊಲಿಯೋಕೆ ಆಂಟಿ.” ಅಷ್ಟು ಹೇಳಿ ಮುಖ ತಿರುಗಿಸಿಕೊಂಡಳು.

ದೊಡ್ಡ ಡಾಕ್ಟ್ರು ಅಂದರೆ ನಮ್ಮಲ್ಲಿ ಸರ್ಜರಿಯ ಮುಖ್ಯಸ್ಥರು. ಒಳ್ಳೆ ಡಾಕ್ಟ್ರೇ, ಸುಳ್ಳು ಹೇಳಬಾರದು. ಅವರ ಕೈಗುಣ ಅಂದರೆ ಜನ ಕಣ್ಣು ಮುಚ್ಚಿ ನಂಬುತ್ತಾರೆ. ಆದರೆ ಆ ಕೈಗುಣ ಅವರ ತಲೆಗೂ ಏರಿಬಿಟ್ಟಿತ್ತು. ಅವರು ಹಿಡಿದ ಹಾಗೆ ಹಿಡಿಯದ ಕೈ ಕೈಯೇ ಅಲ್ಲ ಅನ್ನೋ ಮಟ್ಟಕ್ಕೆ.

ಪುಟ್ಟ ಡಾಕ್ಟ್ರನ್ನ ಅದೇ ಗಳಿಗೆಯಲ್ಲಿ ಕೈ ಹಿಡಿದು ಹಿಂದಿನ ಕಟ್ಟಡಕ್ಕೆ ಕರಕೊಂಡು ಹೋದೆ. ನಾದಿನಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹುಡುಗಿಯ ಎಡಗೈಯನ್ನ ತನ್ನ ಎಡಗೈಲಿ ಹಿಡಿದು, ಮಣಿಕಟ್ಟು ತಿರುಗಿಸಿ ನೋಡಿದಳು. ಅಲ್ಲಿ ಯಾವ ಗುರುತೂ ಇರಲಿಲ್ಲ. “ನಿನ್ನ ಯಾರೂ ಕಟ್ಟಿಹಾಕ್ಲಿಲ್ವಾ? ಪುಣ್ಯವಂತೆ” ಅಂತ ನಕ್ಕಳು. ನಗು ಮುಗಿದ ಮೇಲೆ ಅವಳ ಮುಖ ನೋಡಿ ನನಗೆ ಗೊತ್ತಾಯಿತು, ಇನ್ನು ಇವಳನ್ನ ಹಿಡಿಯೋರು ಯಾರೂ ಇಲ್ಲ ಅಂತ.

ಮಾರನೇ ದಿನವೇ ಬ್ಯಾಚಿಗೆ ಈ ವರ್ಷದ ಕೆಲಸ ಘೋಷಣೆಯಾಯಿತು: ಎಡಗೈ ಸರ್ಜನ್‌ಗೆ ಕತ್ತರಿ ಮತ್ತು ಸೂಜಿ ಇಕ್ಕಳ. ಹುಡುಗರ ಮುಖ ಸುಟ್ಟ ಬದನೆಕಾಯಿ ಆಯಿತು. ಅವರಲ್ಲೊಬ್ಬ, ಯಂತ್ರದ ಕೈ ಮಾಡಬೇಕು ಅಂತಲೇ ಬಂದಿದ್ದವನು, ‘ರೋಬೋಟ್’ ಅಂತಲೇ ಅವನ ಹೆಸರು, ಎದ್ದು ನಿಂತ. “ಮೇಡಂ, ಜಗತ್ತೆಲ್ಲ ಎಲ್ಲಿಗೋ ಹೋಗಿದೆ. ನಾವು ಕತ್ತರಿ ಮಾಡ್ತಾ ಕೂರೋದಾ?”

“ಮನುಷ್ಯರ ಕೈಯೇ ಅರ್ಥ ಆಗದವನು ಯಂತ್ರದ ಕೈ ಏನಪ್ಪಾ ಮಾಡ್ತೀಯ?”

“ಅಲ್ಲ ಮೇಡಂ, ಇದು ಎಡಗೈಲಿ ಮಾಡೋ ಕೆಲಸ. ಕಂಪ್ಯೂಟರಲ್ಲಿ ಕನ್ನಡಿ ಬಟನ್ ಒತ್ತಿದ್ರೆ ಬಲಗೈದು ಎಡಗೈದಾಗುತ್ತೆ. ಮುಗೀತು.”

“ಎಡಗೈಲೇ ಮಾಡು ಹಾಗಾದ್ರೆ” ಅಂತ ಅವನ ಮುಂದೆ ರಿಬ್ಬನ್ ಇಟ್ಟಳು. ಕ್ಲಾಸೆಲ್ಲ ಗೊಳ್ಳೆಂದಿತು.

ಕನ್ನಡಿ ಬಟನ್ನನ್ನೇ ಒತ್ತಿದರು. ವರ್ಕ್‌ಶಾಪಿನಿಂದ ಉಕ್ಕಿನ ಹೊಸ ತುಂಡುಗಳು ಬಂದಾಗ ನನ್ನನ್ನೂ ಕರೆದರು. ಥಳಥಳ ಹೊಳೆಯುತ್ತಿದ್ದವು. ಆದರೆ ಹಿಡಿಯ ಮೇಲೆ ಕೊರೆದಿದ್ದ ಆಸ್ಪತ್ರೆಯ ಹೆಸರು ಉಲ್ಟಾ ಬಂದಿತ್ತು, ಆಂಬುಲೆನ್ಸಿನ ಮುಂದೆ ಬರೆದಿರೋ ಹಾಗೆ. ಕನ್ನಡಿ ಬಟನ್ ಅಕ್ಷರವನ್ನೂ ಬಿಟ್ಟಿರಲಿಲ್ಲ! ನಾದಿನಿ ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ನಾನೂ ನಕ್ಕೆ, ರೋಬೋಟೂ ತಲೆ ಕೆರೆದುಕೊಂಡು ನಕ್ಕ. ಆಸ್ಪತ್ರೆಯ ತಪಾಸಣೆಯವರೂ ಅಕ್ಷರ ನೋಡಿ ನಕ್ಕು, ಅಭ್ಯಾಸಕ್ಕೆ ಬಳಸಬಹುದು ಅಂತ ಒಪ್ಪಿಗೆ ಕೊಟ್ಟರು. ಅಕ್ಷರದ ಜೊತೆ ಬೇರೆ ಏನು ತಿರುಗಿಕೊಂಡಿರಬಹುದು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪುಟ್ಟ ಡಾಕ್ಟ್ರು ಆ ಇಕ್ಕಳ ಹಿಡಿದು ಮೊದಲ ಸಲ ಬಿಡಿಸಿದಾಗ ಅವಳ ಮುಖ ನೀವು ನೋಡಬೇಕಿತ್ತು. ಹೆಬ್ಬೆರಳು ತಳ್ಳಿದಳು, ಹಲ್ಲು ಬಿಟ್ಟುಕೊಂಡಿತು, ಸೂಜಿ ಅಲುಗಲಿಲ್ಲ. ಅಷ್ಟೇ. ಮತ್ತೆ ಮತ್ತೆ ಅದನ್ನೇ ಮಾಡಿದಳು, ಹೊಸ ಪೆನ್ನು ಸಿಕ್ಕ ಮಗುವಿನ ಹಾಗೆ. ಆಮೇಲೆ ಊಟದ ಹೊತ್ತಲ್ಲೆಲ್ಲ ನನ್ನ ಸ್ಟೋರಿನ ಮೂಲೆಯಲ್ಲಿ ಕೂತು ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ ಹಾಕಿದಳು. ಹಣ್ಣು ತಿನ್ನೋ ಕೆಲಸ ನನ್ನದು.

ಸುದ್ದಿ ದೊಡ್ಡ ಡಾಕ್ಟ್ರ ಕಿವಿಗೆ ಬೀಳದೆ ಇರುತ್ತಾ? ಲಿಫ್ಟಿನ ಮುಂದೆ ನಾದಿನಿಯನ್ನ ಅಡ್ಡಗಟ್ಟಿದರು. ನಾನು ಗ್ಲೌಸಿನ ಡಬ್ಬಿ ಹೊತ್ತುಕೊಂಡು ಪಕ್ಕದಲ್ಲೇ ಇದ್ದೆ.

“ಏನ್ ಮೇಡಂ, ನನ್ನ ಶಿಷ್ಯೆಗೆ ಆಟದ ಸಾಮಾನು ಮಾಡಿಸ್ತಿದ್ದೀರಂತೆ?”

“ಸಾಮಾನು ಹೌದು ಸರ್. ಆಟದ್ದಲ್ಲ.”

“ನೋಡಿ, ಒಬ್ಬಳಿಗೋಸ್ಕರ ಕತ್ತರಿ ಬದಲಾಯಿಸೋದಕ್ಕಿಂತ ಕೈ ಬದಲಾಯಿಸೋದು ಸುಲಭ. ನಾಳೆ ಅವಳು ಬೇರೆ ಆಸ್ಪತ್ರೆಗೆ ಹೋದ್ರೆ ಅಲ್ಲಿ ಯಾರು ಎಡಗೈದು ಇಟ್ಟಿರ್ತಾರೆ?”

“ಅವಳೇ ಪೆಟ್ಟಿಗೇಲಿ ಇಟ್ಕೊಂಡು ಹೋಗ್ತಾಳೆ. ನೀವು ಎಲ್ಲಿಗೆ ಹೋದ್ರೂ ನಿಮ್ಮ ಕನ್ನಡಕ ನೀವೇ ತಗೊಂಡು ಹೋಗ್ತೀರಲ್ಲ ಸರ್? ಕಣ್ಣು ಬದಲಾಯಿಸ್ಕೊಂಡು ಬನ್ನಿ ಅಂತ ನಿಮಗೆ ಯಾರಾದ್ರೂ ಅಂದ್ರಾ?”

ಅವರ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ನಾನು ಡಬ್ಬಿಯ ಹಿಂದೆ ಮುಖ ಮರೆಸಿಕೊಂಡೆ. “ಸರಿ. ತಿಂಗಳ ಕೊನೇಲಿ ನನ್ನೆದುರಿಗೆ ಹೊಲೀಲಿ. ನಿಮ್ಮ ಸಾಮಾನಿನಲ್ಲೇ ಹೊಲೀಲಿ. ಆಗದಿದ್ರೆ ಅವಳು ಸರ್ಜರಿಯಲ್ಲಿ ಇರಲ್ಲ. ಆಮೇಲೆ ನನ್ನ ಹತ್ರ ಅತ್ತು ಕರೆದು ಮಾಡಬಾರದು” ಅಂದರು.

“ಅಳೋದು ನಮ್ಮ ಸಿಲಬಸ್ಸಲ್ಲಿಲ್ಲ ಸರ್” ಅಂದಳು ನಾದಿನಿ. ಲಿಫ್ಟು ಬಂತು, ಇಬ್ಬರೂ ಹತ್ತಲಿಲ್ಲ.

ಪರೀಕ್ಷೆಯ ದಿನವೇ ನಮ್ಮ ಅತ್ತೆಯ ಆಪರೇಷನ್ನೂ ಬಿದ್ದಿತ್ತು. ದೊಡ್ಡದೇನಲ್ಲ. ಬಲ ಮೊಣಕೈಯ ಹತ್ತಿರ ಅವರಿಗೊಂದು ಕೊಬ್ಬಿನ ಗಂಟು, ನಿಂಬೆಹಣ್ಣಿನಷ್ಟು. ಆ ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ತೆಗೆಯೋದು. “ದೊಡ್ಡ ಡಾಕ್ಟ್ರ ಕೈಗುಣಾನೇ ಬೇಕು” ಅಂತ ಅತ್ತೆ ಹಟ ಹಿಡಿದಿದ್ದರು. ಸಣ್ಣ ಥಿಯೇಟರಿನ ಬಾಗಿಲ ಒಳಗೇ ಬೆಂಚಿನ ಮೇಲೆ ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟುಕೊಂಡು, ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಮೊದಲು ಹುಡುಗಿಯ ಪರೀಕ್ಷೆ, ಆಮೇಲೆ ಇವರು. ಬಾಯಾರಿಕೆ ಅಂದಾಗ ಪುಟ್ಟ ಡಾಕ್ಟ್ರೇ ತುಂಬಿದ ಲೋಟ ನೀರು ತಂದುಕೊಟ್ಟಳು, ಎಡಗೈಲಿ. ಅತ್ತೆ ಲೋಟ ನೋಡಿದರು, ಕೈ ನೋಡಿದರು, ಮೂಗು ಮುರಿದರು, ಆದರೂ ಕುಡಿದರು.

ಮೇಜಿನ ಮೇಲೆ ರಬ್ಬರಿನ ಚರ್ಮ, ಅದರ ಮೇಲೊಂದು ಸೀಳು. ಸುತ್ತ ಇಡೀ ಬ್ಯಾಚು. ಉಪಕರಣಗಳೆಲ್ಲ ಹಬೆಯಣ್ಣನ ಕೋಣೆಯಿಂದ ಬಿಸಿಬಿಸಿಯಾಗಿ ಬಂದಿದ್ದವು. ಹಬೆಯಣ್ಣ ಅಂದರೆ ಉಪಕರಣ ತೊಳೆದು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲೋ ಕೆಲಸದವನು. ಪುಟ್ಟ ಡಾಕ್ಟ್ರು ಎಡಗೈಲಿ ಇಕ್ಕಳ ತಗೊಂಡಳು, ಸೂಜಿ ಕಚ್ಚಿಸಿದಳು, ಮೊದಲ ಹೊಲಿಗೆ ಹಾಕಿದಳು. ಎರಡನೆಯದಕ್ಕೆ ಸೂಜಿ ಚುಚ್ಚಿದಳು ನೋಡಿ, ಇಕ್ಕಳದ ನಡುವಿನ ಸ್ಕ್ರೂ ಟಣ್ಣಂತ ನೆಲಕ್ಕೆ ಬಿತ್ತು. ಇಕ್ಕಳ ಎರಡು ಹೋಳಾಗಿ ಅವಳ ಕೈಯಲ್ಲಿ ಉಳಿಯಿತು.

ದೊಡ್ಡ ಡಾಕ್ಟ್ರು ಒಂದೇ ಒಂದು ಮಾತು ಅಂದರು: “ಎಡವಟ್ಟು.”

ರೋಬೋಟ್ ಮೇಜಿನ ಕೆಳಗೆ ನುಗ್ಗಿ ಸ್ಕ್ರೂ ಹುಡುಕಿ ತಂದ. ನಾದಿನಿ ಅದನ್ನ ಹಾಕಿ ಬಲಕ್ಕೆ ತಿರುಗಿಸಿದಳು. ತಿರುಗುತ್ತೆ, ಹಿಡಿಯೋದಿಲ್ಲ. ಮತ್ತೆ ತಿರುಗಿಸಿದಳು, ಊಹೂಂ. ಅಷ್ಟರಲ್ಲಿ ರೋಬೋಟ್ ಹಿಡಿಯ ಮೇಲಿನ ಉಲ್ಟಾ ಅಕ್ಷರದ ಮೇಲೆ ಬೆರಳಿಟ್ಟ.

“ಮೇಡಂ... ಅಕ್ಷರ ಉಲ್ಟಾ ಆಗಿತ್ತಲ್ಲ... ಸ್ಕ್ರೂನೂ ಉಲ್ಟಾ ಆಗಿದೆ. ಕನ್ನಡಿ ಬಟನ್ ಅದರ ಸುತ್ತನ್ನೂ ತಿರುಗಿಸಿಬಿಟ್ಟಿದೆ. ಇದು ಎಡಕ್ಕೆ ತಿರುಗಿಸಿದ್ರೆ ಬಿಗಿಯಾಗುತ್ತೆ, ಬಲಕ್ಕೆ ತಿರುಗಿಸಿದ್ರೆ ಸಡಿಲ ಆಗುತ್ತೆ. ಜೋಡಿಸಿದ್ದು ನಾನೇ. ಹೇಗೋ ಹಿಡೀತಲ್ಲ ಅಂತ ಬಿಟ್ಟುಬಿಟ್ಟೆ.”

ಬಾಗಿಲಲ್ಲಿ ನಿಂತಿದ್ದ ಹಬೆಯಣ್ಣ ಅಳೋದೊಂದು ಬಾಕಿ. “ನಾನು ತೊಳೆದಾದ ಮೇಲೆ ಎಲ್ಲದಕ್ಕೂ ಬಲಕ್ಕೊಂದು ಬಿಗಿ ಕೊಟ್ಟೇ ಕಳಿಸೋದು ಮೇಡಂ. ಇದಕ್ಕೂ ಕೊಟ್ಟೆ. ನಾನೇ ಕೆಡಿಸಿದೆ.”

“ನೀವೇನೂ ಕೆಡಿಸಿಲ್ಲ ಅಣ್ಣ. ನೀವು ಮಾಡಿದ್ದು ಸರಿ” ಅಂದಳು ನಾದಿನಿ. ಆಮೇಲೆ ದೊಡ್ಡ ಡಾಕ್ಟ್ರ ಕಡೆ ತಿರುಗಿದಳು. “ತಪ್ಪು ನಮ್ಮದು ಸರ್, ನನ್ನದೂ ನನ್ನ ಕ್ಲಾಸಿನದೂ. ಹೊಲಿಯೋ ಕೈ ಒಂದನ್ನೇ ನೋಡಿದ್ವಿ, ತೊಳೆದು ಬಿಗಿ ಮಾಡೋ ಕೈ ನೋಡ್ಲಿಲ್ಲ. ಕೈ ಕೊಟ್ಟಿದ್ದು ಇಕ್ಕಳ, ಹುಡುಗಿಯಲ್ಲ.”

“ಕಾರಣ ಸಾಕು ಮೇಡಂ. ಪರೀಕ್ಷೆ ಮುಗೀತು.”

ಅಷ್ಟು ಹೊತ್ತೂ ತಲೆ ಎತ್ತದೆ ನಿಂತಿದ್ದ ಪುಟ್ಟ ಡಾಕ್ಟ್ರು ನಾದಿನಿಯ ಕೈಯಿಂದ ಎರಡು ಹೋಳನ್ನೂ ತಗೊಂಡಳು. ಸ್ಕ್ರೂವನ್ನ ಎಡಕ್ಕೆ ತಿರುಗಿಸಿ ಗಟ್ಟಿಯಾಗಿ ಬಿಗಿದಳು. ಹೊಸ ಸೂಜಿ ತಗೊಂಡು ಎರಡನೇ ಹೊಲಿಗೆಗೆ ಬಗ್ಗಿದಳು.

“ಏಯ್, ನಾನು ಶುರು ಮಾಡು ಅಂದೆನಾ?”

“ನಿಲ್ಲಿಸೋ ಅಂಥದ್ದೇನೂ ನಾನು ಮಾಡಿಲ್ಲ ಸರ್” ಅಂದಳು ಅವಳು, ಕಣ್ಣು ಸೂಜಿಯ ಮೇಲೇ. ಅಯ್ಯೋ, ಆ ದನಿ ಕೇಳಿ ನನಗೆ ಶಿಳ್ಳೆ ಹಾಕೋಣ ಅನ್ನಿಸಿತು! ಇಲಿಮರಿ ಹಾಗೆ ಕಿಟಕಿಯಲ್ಲಿ ಪಿಸುಗುಟ್ಟಿದವಳು ಇವಳೇನಾ? ಹೊಲಿಗೆ ಮೇಲೆ ಹೊಲಿಗೆ ಬಿತ್ತು, ಸಾಲು ಹಿಡಿದ ಹಾಗೆ. ಒಂದು ಕಡೆಯೂ ಕೈ ಅಲುಗಲಿಲ್ಲ. ಮುಗಿದ ಮೇಲೆ ಎಡಗೈ ಕತ್ತರಿಯಿಂದ ದಾರ ಕತ್ತರಿಸಿ ಹಿಂದೆ ಸರಿದಳು.

ದೊಡ್ಡ ಡಾಕ್ಟ್ರು ಬಗ್ಗಿ ನೋಡಿದರು, ಕನ್ನಡಕ ಸರಿಸಿ ನೋಡಿದರು, ಹೊಲಿಗೆ ಎಳೆದು ನೋಡಿದರು. ಹುಳುಕು ಸಿಗಲಿಲ್ಲ. ಸಿಗದೆ ಇದ್ದದ್ದೇ ಅವರಿಗೆ ಇನ್ನಷ್ಟು ಸಿಟ್ಟು ತರಿಸಿತು ಅಂತ ಕಾಣುತ್ತೆ.

“ರಬ್ಬರ್ ಬಾಯಿ ಬಿಡಲ್ಲ. ರೋಗಿ ಬಾಯಿ ಬಿಡ್ತಾರೆ. ಎಡಗೈಲಿ ಸೂಜಿ ಹಿಡಿದು ಬಂದ್ರೆ ಅವರಿಗೆ ನಂಬಿಕೆ ಬರಲ್ಲ. ಕೈಗುಣ ಅನ್ನೋದೊಂದು ಇದೆ ನಮ್ಮ ಕೆಲಸದಲ್ಲಿ. ಯಾರು ಕೊಡ್ತಾರೆ ಇವಳಿಗೆ ಮೈ?”

“ಯಾಕೆ, ನಾನಿಲ್ವಾ?”

ಎಲ್ಲರೂ ತಿರುಗಿ ನೋಡಿದೆವು. ನಮ್ಮ ಅತ್ತೆ! ಹಸಿರು ನಿಲುವಂಗಿಯಲ್ಲಿ ಎದ್ದು ನಿಂತಿದ್ದರು, ಬಲಗೈಯ ಗಂಟನ್ನ ಎಡಗೈಲಿ ಹಿಡಿದುಕೊಂಡು.

“ಅಜ್ಜೀ, ನೀವು ಕೂತ್ಕೊಳ್ಳಿ. ನಿಮಗೆ ನನ್ನ ಕೈಗುಣಾನೇ ಬೇಕು ಅಂದಿದ್ರಿ” ಅಂದರು ದೊಡ್ಡ ಡಾಕ್ಟ್ರು.

“ಅಂದಿದ್ದೆ. ಈಗ ಬೇರೆ ಅಂತೀನಿ, ನನ್ನ ಬಾಯಿ ನನ್ನದಲ್ವಾ? ನೀವು ಗಂಟು ತೆಗೀರಿ, ಅವಳು ಹೊಲೀಲಿ. ಆಗಿನಿಂದ ನೋಡ್ತಿದ್ದೀನಿ. ತುಂಬಿದ ಲೋಟ ತಂದುಕೊಟ್ಟಳು, ಒಂದು ಹನಿ ಚೆಲ್ಲಲಿಲ್ಲ.”

ನಾನು ನಾದಿನಿಯ ಮುಖ ನೋಡಿದೆ. ಅವಳು ತಾಯಿಯನ್ನ ಗುರುತಿಲ್ಲದವರನ್ನ ನೋಡೋ ಹಾಗೆ ನೋಡುತ್ತಿದ್ದಳು.

“ಸರಿ ಹಾಗಾದ್ರೆ, ಈಗಲೇ. ಮಲಗಿ ಅಜ್ಜಿ” ಅಂದರು ದೊಡ್ಡ ಡಾಕ್ಟ್ರು. ಅತ್ತೆಯೇ ಹೆದರಿ ಹಿಂದೆ ಸರೀತಾರೆ ಅನ್ನೋ ಲೆಕ್ಕ ಅವರದು.

“ಇವತ್ತು ಆಗಲ್ಲ” ಅಂದಳು ನಾದಿನಿ.

ನನಗೆ ತಲೆ ಕೆಟ್ಟುಹೋಯಿತು. ಕೈಗೆ ಬಂದದ್ದನ್ನ ಒದೀತಾಳಲ್ಲ ಈ ಹೆಂಗಸು!

“ಯಾಕೆ ಮೇಡಂ, ಧೈರ್ಯ ಹೋಯ್ತಾ? ಇವತ್ತು ಇಲ್ಲಾಂದ್ರೆ ನಾಳೆಯಿಂದ ಅವಳು ಬೇರೆ ವಿಭಾಗ.”

“ಬಿಚ್ಚಿ ಬಿದ್ದ ಇಕ್ಕಳಾನ ನಾನು ಯಾರ ಮೈಮೇಲೂ ಇಡಲ್ಲ ಸರ್. ಅವರು ನಮ್ಮಮ್ಮ ಅಂತಲ್ಲ, ದಾರೀಲಿ ಹೋಗೋರಾದ್ರೂ ಇಡಲ್ಲ. ಸ್ಕ್ರೂ ಬದಲಾಗಬೇಕು, ಹಬೆಯಣ್ಣ ಎಷ್ಟು ಸಲ ಬೇಯಿಸಿ ಬಿಗಿದ್ರೂ ಗಟ್ಟಿ ನಿಲ್ಲಬೇಕು, ರೋಗಿ ಮೇಲೆ ಬಳಸೋಕೆ ತಪಾಸಣೆಯವರು ಒಪ್ಪಬೇಕು. ಆಮೇಲೆ. ಅದಕ್ಕೋಸ್ಕರ ಹುಡುಗೀನ ಕಳಿಸ್ತೀನಿ ಅಂದ್ರೆ ಕಳಿಸಿ. ಯಾಕೆ ಕಳಿಸಿದ್ರಿ ಅಂತ ಕೇಳೋರೆಲ್ಲರಿಗೂ ನಾನು ಇದನ್ನೇ ಹೇಳ್ತೀನಿ.”

ಅವಳ ದನಿ ಏರಲಿಲ್ಲ. ಎಡಗೈ ಮಾತ್ರ ಮೇಜಿನ ಅಂಚನ್ನ ಹಿಡಿದಿತ್ತು. ಪುಟ್ಟ ಡಾಕ್ಟ್ರು ಅವಳ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ರೋಬೋಟ್, ಆಮೇಲೆ ಹಬೆಯಣ್ಣ.

“ಗಂಟು ವರ್ಷಗಟ್ಟಲೆ ಕೂತಿದೆ, ಇನ್ನೊಂದು ವಾರ ಕೂತ್ಕೊಳ್ಳುತ್ತೆ. ನಡಿಯಮ್ಮ, ನನ್ನ ಬಟ್ಟೆ ಎಲ್ಲಿಟ್ಟೆ?” ಅಂದರು ಅತ್ತೆ ನನ್ನ ಕಡೆ ತಿರುಗಿ. ಆ ನಿಲುವಂಗಿಗೆ ಹಿಂದೆ ಲಾಡಿ ಸರಿಯಾಗಿ ಕಟ್ಟಿರಲಿಲ್ಲ. ಅದರ ಪರಿವೆಯೇ ಇಲ್ಲದೆ ಗತ್ತಿನಿಂದ ನಡೆದುಹೋದರು. ನಾನು ಓಡಿಹೋಗಿ ಹಿಂದೆ ಮುಚ್ಚಿಕೊಂಡು ನಡೆದೆ. “ಒಂದು ವಾರ” ಅಂತ ದೊಡ್ಡ ಡಾಕ್ಟ್ರು ಹೇಳಿದ್ದು ಬೆನ್ನ ಹಿಂದಿನಿಂದ ಕೇಳಿಸಿತು.

ಆ ವಾರ ನಾದಿನಿ ಇಡೀ ಬ್ಯಾಚನ್ನ ಹಬೆಯಣ್ಣನ ಕೋಣೆಗೆ ಅಟ್ಟಿದಳು. ಸೆಖೆಯಲ್ಲಿ ಬೆವರು ಸುರಿಸಿಕೊಂಡು ಕತ್ತರಿ ತಿಕ್ಕಿದರು, ಒರೆಸಿದರು, ಬಿಗಿದರು. ಹೊಸ ತೂತು ಕೊರೆದು ಹೊಸ ಸ್ಕ್ರೂ ಹಾಕಿದರು, ಎಲ್ಲದರ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗೋದು. “ಹೊಲಿಯೋರಿಗೆ ಎಡಗೈದು, ತೊಳೆಯೋರಿಗೆ ಬಲಗೈದು” ಅಂತ ರೋಬೋಟ್ ನನ್ನ ಕಿಟಕಿಗೆ ಬಂದು ಹೇಳಿದ, ತಾನೇ ಕಂಡುಹಿಡಿದವನ ಹಾಗೆ. ಬೇಕಂತಲೇ ಹೊಡೆದರು, ಬೀಳಿಸಿದರು, ಮತ್ತೆ ಮತ್ತೆ ಬೇಯಿಸಿದರು. ಬಿಚ್ಚಲಿಲ್ಲ. ತಪಾಸಣೆಯವರು ಈ ಸಲ ನಗದೆ ನೋಡಿ ಒಪ್ಪಿದರು. ಅಕ್ಷರ ಮಾತ್ರ ಉಲ್ಟಾನೇ ಇರಲಿ ಅಂತ ನಾದಿನಿ ಬಿಟ್ಟಳು.

ಅತ್ತೆಯ ಆಪರೇಷನ್ ದಿನ ನಾನು ಹೊರಗೆ ಬೆಂಚಿನ ಮೇಲೆ ಉಗುರು ಕಚ್ಚುತ್ತಾ ಕೂತೆ. ಒಳಗೆ ಏನಾಯಿತು ಅಂತ ನನಗೆ ಹೇಳಿದ್ದು ಸ್ವತಃ ಅತ್ತೆಯೇ. ಕೈ ಮರಗಟ್ಟಿತ್ತು, ಬಾಯಿ ಮರಗಟ್ಟಿರಲಿಲ್ಲವಲ್ಲ. ಬಲಗೈಗೆ ಬಟ್ಟೆ ಸುತ್ತಿಸಿಕೊಂಡು ಗಾಲಿಕುರ್ಚಿಯಲ್ಲಿ ಬರುತ್ತಲೇ ಶುರು ಮಾಡಿದರು.

“ಆ ದೊಡ್ಡ ಡಾಕ್ಟ್ರಿಗೆ ಕತ್ತರಿ ಹಿಡಿಯೋಕೇ ಬರಲ್ಲ ಕಣಮ್ಮ!”

“ಏನಂತೀರಿ ಅತ್ತೆ?”

“ಗಂಟು ಚೆನ್ನಾಗೇ ತೆಗೆದ್ರಪ್ಪ. ಆಮೇಲೆ ಹುಡುಗಿ ಬಂದು ಹೊಲಿದಳು. ನನಗೆ ಗೊತ್ತೇ ಆಗಲಿಲ್ಲ. ಕೊನೆ ಹೊಲಿಗೆ ದಾರ ನಾನೇ ಕತ್ತರಿಸ್ತೀನಿ ಅಂತ ಅವರು ತಟ್ಟೆಯಿಂದ ಕತ್ತರಿ ಎತ್ಕೊಂಡ್ರು. ಒತ್ತಿದ್ರು, ದಾರ ಮಡಚಿಕೊಳ್ತು. ಮತ್ತೆ ಒತ್ತಿದ್ರು, ಮತ್ತೆ ಮಡಚಿಕೊಳ್ತು. ‘ಯಾರ್ರೀ ಇದು, ಮೊಂಡು ಕತ್ತರಿ ಇಟ್ಟೋರು!’ ಅಂತ ಕೂಗಾಡಿದ್ರು. ಆಗ ಆ ಹುಡುಗಿ ಏನಂದಳು ಗೊತ್ತಾ? ‘ಕತ್ತರಿ ಸರಿಯಾಗೇ ಇದೆ ಸರ್. ನಿಮ್ಮ ಕೈ ತಪ್ಪು’ ಅಂದಳು.”

“ಅಯ್ಯಯ್ಯೋ! ಅವರೇನಂದ್ರು?”

“ಏನಂತಾರೆ? ಕತ್ತರಿ ನೋಡಿದ್ರು, ತಮ್ಮ ಕೈ ನೋಡಿದ್ರು. ಕತ್ತರೀನ ಅವಳ ಎಡಗೈಗೆ ಕೊಟ್ಟರು. ಅವಳು ಕಚಕ್ ಅಂತ ಕತ್ತರಿಸಿದಳು.”

ಮಧ್ಯಾಹ್ನ ದೊಡ್ಡ ಡಾಕ್ಟ್ರು ನನ್ನ ಕಿಟಕಿಗೆ ಬಂದರು. ಅವರು ತಾವೇ ಸ್ಟೋರಿಗೆ ಬಂದದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. “ಎಡಗೈ ಸೆಟ್ ಇನ್ನೂ ಎರಡು ಮಾಡಿಸಿ ಕಪಾಟಿನಲ್ಲಿಡಿ. ಆ ಹುಡುಗಿ ನನ್ನ ವಿಭಾಗದಲ್ಲೇ ಇರ್ತಾಳೆ” ಅಂದರು. ಸ್ವಲ್ಪ ದೂರ ಹೋದವರು ತಿರುಗಿ, “ಮೇಲೆ ದೊಡ್ಡದಾಗಿ ಎಡಗೈದು ಅಂತ ಬರೆದಿಡಿ ಮತ್ತೆ. ನನ್ನ ತಟ್ಟೆಗೆ ಬರಬಾರದು” ಅಂದರು. ‘ಹೂಂ ಸರ್’ ಅಂದೆ. ಹೊಟ್ಟೆ ತುಂಬ ನಕ್ಕಿದ್ದು ಅವರು ಮೆಟ್ಟಿಲಿಳಿದ ಮೇಲೆ.

ರಾತ್ರಿ ಊಟಕ್ಕೆ ಕೂತೆವು. ಹೊಲಿಗೆ ಬಿಚ್ಚೋವರೆಗೂ ಅತ್ತೆ ಬಲಗೈ ಎತ್ತೋ ಹಾಗಿಲ್ಲ. ನಾನು ತಿನ್ನಿಸೋಕೆ ಹೋದರೆ, “ನಾನೇನು ಕೂಸಾ?” ಅಂತ ಗದರಿ ಎಡಗೈಲಿ ಚಮಚ ಹಿಡಿದರು. ತಟ್ಟೆಯಿಂದ ಬಾಯಿಯವರೆಗೆ ಬರೋದರಲ್ಲಿ ಅರ್ಧ ಮೇಜಿನ ಮೇಲೆ, ಅರ್ಧ ಮಡಿಲಲ್ಲಿ. ನಮ್ಮ ಯಜಮಾನರು ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದರು. ಅತ್ತೆ ಮತ್ತೊಂದು ಸಲ ಪ್ರಯತ್ನ ಮಾಡಿದರು, ಮತ್ತೂ ಚೆಲ್ಲಿತು. ಚಮಚ ಕೆಳಗಿಟ್ಟರು. ಚೆಲ್ಲಿದ್ದನ್ನ ನೋಡಿದರು. ಆಮೇಲೆ ಮೇಜಿನ ಆ ಕಡೆ ಕೂತಿದ್ದ ಮಗಳನ್ನ ನೋಡಿ, “ನಿನ್ನ ಡಬ್ಬೀಲಿ ರಿಬ್ಬನ್ ಇದ್ಯಲ್ಲೇ?” ಅಂದರು. “ತಂದು ಕಟ್ಟು. ಚೆಲ್ಲೋ ಕೈಗೆ ಊಟ ಇಲ್ಲ.”

ಅವರ ಬಾಯಲ್ಲಿ ಆ ಮಾತು ಅರ್ಧ ಹಟ, ಅರ್ಧ ಬೇರೇನೋ.

ನಾದಿನಿ ಎದ್ದು ಬಂದಳು. ಎಡಗೈಲಿ ಬಟ್ಟೆ ಹಿಡಿದು ಮೇಜು ಒರೆಸಿದಳು, ತಾಯಿಯ ಮಡಿಲು ಒರೆಸಿದಳು. ಪಕ್ಕದಲ್ಲಿ ಕೂತಿದ್ದ ಅಣ್ಣನ ಭುಜ ತಟ್ಟಿ, “ಅಣ್ಣಾ, ಆ ಕಡೆ ಸರಿ. ಅಮ್ಮನ ಮೊಣಕೈಗೆ ಜಾಗ ಬೇಕು” ಅಂದಳು. ನಮ್ಮ ಯಜಮಾನರು ತಟ್ಟೆ ಸಮೇತ ಸರಿದರು. ಆಮೇಲೆ ಅವಳು ಚಮಚ ಎತ್ತಿ ತಟ್ಟೆಯ ಎಡಗಡೆಗೆ ಇಟ್ಟಳು.

“ತಿನ್ನಮ್ಮ. ಈ ಮನೇಲಿ ಇನ್ನು ಯಾವ ಕೈನೂ ಕಟ್ಟಲ್ಲ.”